ನೈರೋಬಿಯಿಂದ ಕೇಪ್‌ಟೌನ್‌ಗೆ ನೆಲದ ಮೇಲೆಯೇ: ಬಸ್ಸು, ರೈಲು, ಗಡಿ ಬಲ್ಲವರು ಹೇಳಿ

ಬಯಲುದಾರಿ:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಂಗಿ ಇಬ್ಬರೂ ನೈರೋಬಿಯಿಂದ ಕೇಪ್‌ಟೌನ್‌ವರೆಗೆ ವಿಮಾನ ಹತ್ತದೆ ಹೋಗಬೇಕೆಂದಿದ್ದೇವೆ. ಸ್ವಂತ ಗಾಡಿ ಇಲ್ಲ. ವಿದೇಶಿಯರನ್ನು ಸುತ್ತಾಡಿಸುವ ಟೂರ್ ಲಾರಿಯೂ ಬೇಡ. ಅಲ್ಲಿನ ಜನ ಕೆಲಸಕ್ಕೆ, ಸಂತೆಗೆ, ಊರಿಗೆ ಯಾವುದರಲ್ಲಿ ಓಡಾಡುತ್ತಾರೋ ಅದರಲ್ಲೇ ಹೋಗುವ ಆಸೆ. ನಕ್ಷೆಯಲ್ಲಿ ಕೈರೋ–ಕೇಪ್‌ಟೌನ್ ಹೆದ್ದಾರಿ ಅಂತ ಉದ್ದಕ್ಕೆ ಒಂದು ಗೆರೆ ಇದೆ, 10,200 ಕಿ.ಮೀ. ಚಿಲ್ಲರೆ. ಅದರಲ್ಲಿ ದಕ್ಷಿಣದ ಪಾಲು ನಮ್ಮದು. ದಿನಕ್ಕೆ 400 ಕಿ.ಮೀ. ಅಂತ ಹಿಡಿದು ಯೋಜನೆ ಹಾಕಿದ್ದೇನೆ. ಅಲ್ಲಿ ಇದ್ದವರು, ಓಡಾಡಿದವರು ಇದು ಆಗುವ ಮಾತೇ ಅಂತ ಹೇಳಿ.

ಲುಸಾಕಾವಾಸಿ:
ದಿನಕ್ಕಿಷ್ಟು ಕಿಲೋಮೀಟರ್ ಎನ್ನುವ ಲೆಕ್ಕವನ್ನು ಮೊದಲು ಅಳಿಸಿಬಿಡಿ. ಇಲ್ಲಿ ದಿನಗಳನ್ನು ನುಂಗುವುದು ಗಡಿ. ನಾನು ಲುಸಾಕಾದಲ್ಲಿ ಸರಕು ಸಾಗಣೆಯ ಕಚೇರಿಯಲ್ಲಿದ್ದೇನೆ. ದಾರ್ ಎಸ್ ಸಲಾಮ್ ಬಂದರಿನಿಂದ ಹೊರಟ ಲಾರಿಯ ಚಾಲಕ ನಮಗೆ ಫೋನ್ ಮಾಡಿದರೆ ಮೊದಲು ಕೇಳುವುದು ಟುಂಡುಮಾದಲ್ಲಿ ಸಾಲು ಎಷ್ಟುದ್ದ ಇದೆ ಅಂತ. ತಾಂಜಾನಿಯಾ ಕಡೆ ಟುಂಡುಮಾ, ಜಾಂಬಿಯಾ ಕಡೆ ನಕೊಂಡೆ, ಎರಡೂ ಊರು ಒಂದಕ್ಕೊಂದು ಅಂಟಿಕೊಂಡಿವೆ. ಕಾಗದ ಸರಿಯಿದ್ದರೂ ಲಾರಿ ಅಲ್ಲಿ ದಿನಗಟ್ಟಲೆ ನಿಂತದ್ದುಂಟು. ಬಸ್ಸಿನವರಿಗೆ ಅಷ್ಟು ಕಷ್ಟವಿಲ್ಲ, ಆದರೂ ಪ್ರತಿಯೊಬ್ಬರ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದು, ಲಗೇಜು ಇಳಿದು ಹತ್ತುವ ತನಕ ಬಸ್ಸು ಕದಲುವುದಿಲ್ಲ.

54 ದೇಶಗಳ ಖಂಡ ಇದು, ಅದರಲ್ಲಿ 16 ದೇಶಗಳಿಗೆ ಸಮುದ್ರವೇ ಇಲ್ಲ. ಜಾಂಬಿಯಾದಂಥ ದೇಶಕ್ಕೆ ಒಂದು ಚೀಲ ಗೊಬ್ಬರ ಬರಬೇಕಾದರೂ ಇನ್ನೊಬ್ಬರ ನೆಲ ದಾಟಬೇಕು. ಹಾಗಾಗಿ ಗಡಿಯಲ್ಲಿ ಉಳಿಯುವ ಒಂದೊಂದು ಗಂಟೆಯೂ ಇಲ್ಲಿನ ಜನರ ಊಟದ ತಟ್ಟೆಯವರೆಗೆ ತಲುಪುತ್ತದೆ. 2009ರಲ್ಲಿ ಜಾಂಬಿಯಾ–ಜಿಂಬಾಬ್ವೆ ನಡುವಿನ ಚಿರುಂಡುವಿನಲ್ಲಿ ಎರಡೂ ದೇಶದ ಅಧಿಕಾರಿಗಳು ಒಂದೇ ಕಡೆ ಕೂತು ಕೆಲಸ ಮುಗಿಸುವ ಏಕಗಡಿ ಠಾಣೆ ಶುರುವಾಯಿತು. ಆಫ್ರಿಕಾದಲ್ಲಿ ಅದೇ ಮೊದಲನೆಯದು. ಹೋಗುವಾಗ ಒಂದೇ ಸಲ ನಿಂತರೆ ಸಾಕು. ನೀವು ದಾಟುವ ನಮಂಗಾದಲ್ಲೂ (ಕೀನ್ಯಾ–ತಾಂಜಾನಿಯಾ) ಈಗ ಅದೇ ಪದ್ಧತಿ. ಹೆದ್ದಾರಿ ಉದ್ಘಾಟನೆಗೆ ಸಿಗುವ ಪ್ರಚಾರ ಇಂಥ ಕಟ್ಟಡಗಳಿಗೆ ಸಿಗುವುದಿಲ್ಲ, ಸಿಗಬೇಕಿತ್ತು.

ನೈರೋಬಿ ಕನ್ನಡತಿ:
ಲುಸಾಕಾದವರು ಹೇಳಿದ್ದು ಸರಿ. ಆದರೆ ಗಡಿಗಿಂತ ಮೊದಲು ಊರೊಳಗಿನ ಓಡಾಟ ಕಲಿತುಕೊಳ್ಳಿ. ನೈರೋಬಿಯಲ್ಲಿ ಅದು ಮಟಾಟು. ಹದಿನಾಲ್ಕು ಸೀಟಿನ ವ್ಯಾನಿನಿಂದ ಹಿಡಿದು ಮೈತುಂಬ ಚಿತ್ರ ಬರೆಸಿಕೊಂಡು, ಒಳಗೆ ಟಿ.ವಿ., ಕಿವಿ ತುಂಬುವ ಹಾಡು ಇರುವ ಬಸ್ಸಿನವರೆಗೆ ಎಲ್ಲವೂ ಮಟಾಟುವೇ. ಸರಕಾರ ಓಡಿಸುವ ದೊಡ್ಡ ಬಸ್ ಜಾಲ ಇಲ್ಲದ ಊರಿನಲ್ಲಿ ಲಕ್ಷಾಂತರ ಜನರನ್ನು ಬೆಳಗ್ಗೆ ಕೆಲಸಕ್ಕೆ ಮುಟ್ಟಿಸುವುದು ಇವೇ.

ಇವುಗಳ ಅರ್ಥಶಾಸ್ತ್ರ ತಿಳಿದರೆ ನಡವಳಿಕೆಯೂ ತಿಳಿಯುತ್ತದೆ. ಗಾಡಿಯ ಮಾಲೀಕನಿಗೆ ದಿನಕ್ಕೆ ಇಷ್ಟು ಅಂತ ನಿಗದಿ ಹಣ ಕೊಡಬೇಕು. ಡೀಸೆಲ್ ಕಳೆದು ಮಿಕ್ಕಿದ್ದೇ ಚಾಲಕ, ಕಂಡಕ್ಟರಿನ ಸಂಬಳ. ಸೀಟು ಖಾಲಿ ಬಿಟ್ಟು ಹೊರಟರೆ ನಷ್ಟ ಅವರದ್ದೇ. ಅದಕ್ಕೇ ತುಂಬುವ ತನಕ ನಿಲ್ಲುತ್ತಾರೆ, ತುಂಬಿದ ಮೇಲೆ ಹಾರಿಸಿಕೊಂಡು ಹೋಗುತ್ತಾರೆ, ಮಳೆ ಬಂದರೆ ದರ ಏರಿಸುತ್ತಾರೆ. ಅವರನ್ನು ಬೈಯುವುದು ಸುಲಭ. ಆ ಹುಡುಗರು ಬೆಳಗಿನ ಜಾವ ಗಾಡಿ ಹತ್ತಿ ರಾತ್ರಿ ಇಳಿಯುವುದನ್ನು ನೋಡಿದವಳು ನಾನು. ಬೈಗುಳ ಆ ವ್ಯವಸ್ಥೆಗೆ ಸಲ್ಲಬೇಕು, ಅವರಿಗಲ್ಲ.

2004ರಲ್ಲಿ ಸಾರಿಗೆ ಸಚಿವರಾಗಿದ್ದ ಜಾನ್ ಮಿಚುಕಿ ಗಂಟೆಗೆ 80 ಕಿ.ಮೀ. ಮೀರದಂತೆ ವೇಗ ನಿಯಂತ್ರಕ, ಪ್ರತಿ ಸೀಟಿಗೂ ಬೆಲ್ಟ್, ನಿಂತು ಪ್ರಯಾಣ ಇಲ್ಲ ಎಂಬ ನಿಯಮ ತಂದರು. ಒಮ್ಮೆಲೇ ಗಾಡಿಗಳು ರಸ್ತೆಯಿಂದ ಮರೆಯಾದವು, ಜನ ಮೈಲಿಗಟ್ಟಲೆ ನಡೆದರು. ಆದರೂ ಇಲ್ಲಿನ ಹಿರಿಯರು ಇವತ್ತಿಗೂ ಆ ನಿಯಮಗಳನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ, ಗೌರವದಿಂದಲೇ.

ಕೊನೆಗೆ ಒಂದು ಉಪಯೋಗದ ಮಾತು. ನಿಲ್ದಾಣಕ್ಕೆ ಇಲ್ಲಿ 'ಸ್ಟೇಜ್' ಅನ್ನುತ್ತಾರೆ. ಇಳಿಯಬೇಕಾದಾಗ 'ಶುಕಿಶಾ ಹಪಾ' ಅಂದರೆ ಸಾಕು. ಹತ್ತುವ ಮುಂಚೆಯೇ ದರ ಕೇಳಿಕೊಳ್ಳಿ. ಎಂ-ಪೆಸಾದಲ್ಲಿ ಕೊಟ್ಟರೆ ಚಿಲ್ಲರೆ ಜಗಳವೂ ತಪ್ಪುತ್ತದೆ. 2007ರಲ್ಲಿ ಶುರುವಾದ ಆ ಮೊಬೈಲ್ ಹಣ ಈಗ ಕೀನ್ಯಾದ ಬಸ್ಸು, ಬೈಕು, ತರಕಾರಿ ಗಾಡಿ ಎಲ್ಲದರಲ್ಲೂ ನಡೆಯುತ್ತದೆ.

ಹಳಿಮೋಹಿ:
ರೈಲಿನ ಮಾತು ಯಾರೂ ಎತ್ತಲಿಲ್ಲವಲ್ಲ! ಬಯಲುದಾರಿ ಅವರೇ, ನಿಮ್ಮ ದಾರಿಯಲ್ಲೇ ಆಫ್ರಿಕಾದ ಅತ್ಯಂತ ಅರ್ಥಪೂರ್ಣ ರೈಲುಹಾದಿ ಇದೆ: ತಜಾರಾ. ದಾರ್ ಎಸ್ ಸಲಾಮ್‌ನಿಂದ ಜಾಂಬಿಯಾದ ಕಪಿರಿ ಎಂಪೋಶಿವರೆಗೆ 1,860 ಕಿ.ಮೀ.

ಇದರ ಹಿನ್ನೆಲೆ ತಿಳಿದು ಹತ್ತಿ. ಜಾಂಬಿಯಾದ ತಾಮ್ರ ಮುಂಚೆ ದಕ್ಷಿಣಕ್ಕೆ, ರೊಡೀಷಿಯಾ (ಈಗಿನ ಜಿಂಬಾಬ್ವೆ) ಮೂಲಕ ಬಂದರಿಗೆ ಹೋಗುತ್ತಿತ್ತು. 1965ರಲ್ಲಿ ರೊಡೀಷಿಯಾದ ಬಿಳಿಯರ ಅಲ್ಪಸಂಖ್ಯಾತ ಸರಕಾರ ತಾನೇ ಸ್ವತಂತ್ರ ಎಂದು ಘೋಷಿಸಿಕೊಂಡಿತು. ಆ ಸರಕಾರದ ಕೈಯಲ್ಲಿ ದೇಶದ ಕುತ್ತಿಗೆ ಇರಬಾರದು ಅಂತ ಜಾಂಬಿಯಾದ ಅಧ್ಯಕ್ಷ ಕೆನೆತ್ ಕೌಂಡಾ ಪೂರ್ವಕ್ಕೆ ದಾರಿ ಹುಡುಕಿದರು, ತಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೇರೆ ಜೊತೆಯಾದರು. ಪಶ್ಚಿಮದ ದೇಶಗಳು ಲಾಭವಿಲ್ಲದ ಯೋಜನೆ ಅಂತ ಕೈಚೆಲ್ಲಿದವು. ಆಗ ಬಡ ದೇಶವೇ ಆಗಿದ್ದ ಚೀನಾ ಬಡ್ಡಿಯಿಲ್ಲದ ಸಾಲ ಕೊಟ್ಟು, ಸಾವಿರಾರು ಕೆಲಸಗಾರರನ್ನೂ ಕಳಿಸಿತು. 1970ರಲ್ಲಿ ಶುರುವಾದ ಕೆಲಸ 1975ಕ್ಕೆ ಮುಗಿಯಿತು. ಈಗ ನೈರೇರೆ ರಾಷ್ಟ್ರೀಯ ಉದ್ಯಾನ ಎನಿಸಿಕೊಂಡಿರುವ ಕಾಡಿನ ಅಂಚಿನಲ್ಲಿ ಹಾದುಹೋಗುವಾಗ ಕಿಟಕಿಯಿಂದಲೇ ಜಿರಾಫೆ ಕಾಣುವುದುಂಟು.

ಹಾಗಂತ ರೈಲು ವೇಳೆಗೆ ಸರಿಯಾಗಿ ಓಡುತ್ತದೆ ಅಂತ ನಂಬಿ ಮುಂದಿನ ಟಿಕೆಟ್ ತೆಗೆಯಬೇಡಿ. ಹಳಿ, ಎಂಜಿನ್ ಹಳೆಯದಾಗಿವೆ, ತಡ ಸಾಮಾನ್ಯ, ಪ್ರಯಾಣಿಕ ಗಾಡಿ ರದ್ದಾಗುವುದೂ ಇದೆ. ಓಡುತ್ತಿದೆಯೋ ಇಲ್ಲವೋ ಅಂತ ದಾರ್‌ನ ನಿಲ್ದಾಣಕ್ಕೇ ಹೋಗಿ ಕೇಳುವುದು ಒಳ್ಳೆಯದು. ಇದಕ್ಕೆ ತದ್ವಿರುದ್ಧ ತಾಂಜಾನಿಯಾದ ಹೊಸ ವಿದ್ಯುತ್ ರೈಲು. 2024ರಲ್ಲಿ ದಾರ್–ಮೊರೊಗೊರೊ–ದೊಡೊಮಾ ನಡುವೆ ಓಡಲು ಶುರುವಾಗಿದೆ, ಗಂಟೆಗೆ 160 ಕಿ.ಮೀ.

ಬಯಲುದಾರಿ:
ಹಳಿಮೋಹಿ ಸರ್, ಎರಡೂ ರೈಲು ದಾರ್‌ನಿಂದಲೇ ಹೊರಡುವುದಾದರೆ ಹೊಸದರಲ್ಲಿ ಸ್ವಲ್ಪ ದೂರ ಹೋಗಿ ತಜಾರಾ ಹಿಡಿಯಬಹುದೇ?

ಹಳಿಮೋಹಿ:
ಆಗುವುದಿಲ್ಲ. ಹಾದಿ ಬೇರೆ, ಹಳಿಯ ಅಗಲವೂ ಬೇರೆ. ತಜಾರಾದ್ದು ದಕ್ಷಿಣ ಆಫ್ರಿಕಾದ ಕೇಪ್ ಗೇಜ್, 1,067 ಮಿ.ಮೀ. ತಾಂಜಾನಿಯಾದ ಹಳೆಯ ಹಳಿ ಮೀಟರ್ ಗೇಜ್, 1,000 ಮಿ.ಮೀ. ಹೊಸದು 1,435 ಮಿ.ಮೀ. ಒಂದೇ ದೇಶದಲ್ಲಿ ಮೂರು ಅಗಲ.

ಇಡೀ ಖಂಡದ ಕಥೆಯೇ ಇದು. ವಸಾಹತುಗಾರರು ಹಳಿ ಹಾಕಿದ್ದು ಗಣಿಯಿಂದ, ತೋಟದಿಂದ ಬಂದರಿಗೆ. ಒಂದು ಊರಿನವರು ಪಕ್ಕದ ದೇಶದ ಊರಿಗೆ ಹೋಗಲಿ ಎಂಬ ಉದ್ದೇಶ ಅವರಿಗಿರಲಿಲ್ಲ. ನಕ್ಷೆಯಲ್ಲಿ ನೋಡಿ, ಕರಾವಳಿಯಿಂದ ಒಳಕ್ಕೆ ಒಂಟೊಂಟಿ ಗೆರೆಗಳು, ಅಡ್ಡಕ್ಕೆ ಜೋಡಿಸುವವು ತೀರಾ ಕಡಿಮೆ. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗಿನ ಉಗಾಂಡಾ ರೈಲ್ವೆಯೂ ಹಾಗೇ, 1896ರಿಂದ 1901ರವರೆಗೆ ಕಟ್ಟಿದ್ದು. ಅದಕ್ಕಾಗಿ ಬ್ರಿಟಿಷ್ ಇಂಡಿಯಾದಿಂದ ಸುಮಾರು 32,000 ಕೂಲಿಗಳನ್ನು ಕರಾರಿನ ಮೇಲೆ ಕರೆತಂದರು, ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಅಲ್ಲೇ ತೀರಿಕೊಂಡರು. ಆ ಹಾದಿಯ ತ್ಸಾವೋದಲ್ಲಿ ಕೂಲಿಗಳನ್ನು ತಿಂದ ನರಭಕ್ಷಕ ಸಿಂಹಗಳ ಕಥೆ ಎಲ್ಲರಿಗೂ ಗೊತ್ತು, ಜ್ವರಕ್ಕೆ, ಆಮಶಂಕೆಗೆ ಬಲಿಯಾದವರ ಹೆಸರು ಯಾರಿಗೂ ಗೊತ್ತಿಲ್ಲ. ನೈರೋಬಿ ಎಂಬ ನಗರ ಹುಟ್ಟಿದ್ದೇ ಆ ಹಳಿಯ ಪಕ್ಕದ ಸಾಮಾನು ಡಿಪೋ ಆಗಿ. ನೀವು ನೈರೋಬಿಯಲ್ಲಿ ಇಳಿದ ದಿನ ಅಲ್ಲಿನ ರೈಲ್ವೆ ಮ್ಯೂಸಿಯಂಗೆ ದಯವಿಟ್ಟು ಹೋಗಿ ಬನ್ನಿ.

ಅಕ್ರಾ ಅಲೆಮಾರಿ:
ಪೂರ್ವ, ದಕ್ಷಿಣದ ಮಾತೇ ಆಯಿತು, ಪಶ್ಚಿಮದ್ದೂ ಸ್ವಲ್ಪ ಇರಲಿ. ಘಾನಾದಲ್ಲಿ ಮಟಾಟುವಿನಂಥ ಗಾಡಿಗೆ ಟ್ರೊಟ್ರೊ ಅನ್ನುತ್ತಾರೆ. ಕಂಡಕ್ಟರಿಗೆ ಇಲ್ಲಿ 'ಮೇಟ್' ಅನ್ನುತ್ತಾರೆ. ಅಕ್ರಾದಲ್ಲಿ ಅವನು ಬಾಗಿಲಿಗೆ ಜೋತುಬಿದ್ದು 'ಸರ್ಕ್ ಸರ್ಕ್ ಸರ್ಕ್' ಅಂತ ಕೂಗಿದರೆ ಗಾಡಿ ಕ್ವಾಮೆ ಎನ್ಕ್ರುಮಾ ಸರ್ಕಲ್‌ಗೆ ಅಂತ ಅರ್ಥ. ಗದ್ದಲದಲ್ಲಿ ಕೂಗು ಕೇಳದಿದ್ದರೆ ಬೆರಳನ್ನು ಕೆಳಮುಖವಾಗಿ ಸುತ್ತಿಸಿ ತೋರಿಸುತ್ತಾನೆ. ಬೋರ್ಡು ಬೇಕಿಲ್ಲ, ಓದು ಬರಹವೂ ಬೇಕಿಲ್ಲ. ಹೊಸಬರಿಗೆ ಅಸ್ತವ್ಯಸ್ತ ಅನ್ನಿಸುವ ಈ ಏರ್ಪಾಡು ಊರಿನ ಪ್ರತಿ ಮೂಲೆಯನ್ನೂ ಮುಟ್ಟುತ್ತದೆ.

ಸೆನೆಗಲ್‌ನಲ್ಲಿ ಊರಿಂದ ಊರಿಗೆ ಏಳು ಸೀಟಿನ ಹಳೆಯ ಪ್ಯೂಜೊ ಕಾರುಗಳು. ಏಳನೆಯವರು ಬರುವ ತನಕ ಹೊರಡುವುದಿಲ್ಲ. ಅವಸರವಿದ್ದರೆ ಉಳಿದ ಸೀಟಿನ ದುಡ್ಡನ್ನೂ ನೀವೇ ಕೊಟ್ಟು ಹೊರಡಿಸಬಹುದು.

ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ಇಕೋವಾಸ್ 1979ರಲ್ಲೇ ತನ್ನ ಪ್ರಜೆಗಳಿಗೆ ವೀಸಾ ಇಲ್ಲದೆ 90 ದಿನ ಓಡಾಡುವ ಹಕ್ಕು ಕೊಟ್ಟಿತು. ಕಾಗದದ ಮೇಲೆ ಅದು ದೊಡ್ಡ ಮಾತು. ರಸ್ತೆಯ ಮೇಲೆ ಮಾತ್ರ ಪೊಲೀಸ್, ಕಸ್ಟಮ್ಸ್ ತಡೆಗಳು ಸಾಲುಸಾಲು. ಸಂತೆಗೆ ಈರುಳ್ಳಿ, ಬಟ್ಟೆ ಹೊತ್ತು ಗಡಿ ದಾಟುವ ಹೆಂಗಸರು ಒಂದೊಂದು ತಡೆಯಲ್ಲೂ ಕೈಯಿಂದ ದುಡ್ಡು ಬಿಚ್ಚುವುದನ್ನು ಪಕ್ಕದ ಸೀಟಿನಲ್ಲಿ ಕೂತು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಹಕ್ಕು ಬರೆದುಕೊಟ್ಟವರು ಒಂದು ಸಲ ಆ ಗಾಡಿಯಲ್ಲಿ ಕೂತು ಬರಬೇಕು.

ಜಲ್ಲಿಕಲ್ಲು:
ನಾನು ರಸ್ತೆ ಎಂಜಿನಿಯರ್, ಪೂರ್ವ ಆಫ್ರಿಕಾದಲ್ಲೂ ಕ್ಯಾಮರೂನ್‌ನಲ್ಲೂ ಕೆಲಸ ಮಾಡಿದವನು. ರಸ್ತೆಯ ಪಾತ್ರವನ್ನು ಇಲ್ಲಿ ಸ್ವಲ್ಪ ಹಗುರ ಮಾಡುತ್ತಿದ್ದೀರಿ ಅನ್ನಿಸಿತು. ಗಡಿ ಸಮಯ ತಿನ್ನುತ್ತದೆ, ಒಪ್ಪಿದೆ. ಆದರೆ ಟಾರು ಬಂದ ಕಡೆ ಬದುಕೇ ಬದಲಾದದ್ದನ್ನು ಕಂಡಿದ್ದೇನೆ. ಕೀನ್ಯಾದ ಉತ್ತರದಲ್ಲಿ ಇಸಿಯೊಲೊದಿಂದ ಇಥಿಯೋಪಿಯಾ ಗಡಿಯ ಮೊಯಾಲೆಗೆ ಸುಮಾರು 500 ಕಿ.ಮೀ. ಹಿಂದೆ ಅದು ಕಲ್ಲು, ಧೂಳು, ಮಳೆ ಬಂದರೆ ಕೆಸರು. ಡಕಾಯಿತರ ಭಯಕ್ಕೆ ಲಾರಿಗಳು ಗುಂಪುಕಟ್ಟಿಕೊಂಡು ಹೋಗುತ್ತಿದ್ದವು, ಜನ ಹೊರೆಯ ಮೇಲೆ ಕೂತು ಎರಡು ಮೂರು ದಿನ ಪ್ರಯಾಣ ಮಾಡುತ್ತಿದ್ದರು. ಈಗ ಬೆಳಗ್ಗೆ ಹೊರಟ ಬಸ್ಸು ಅದೇ ದಿನ ತಲುಪುತ್ತದೆ. ಆ ದಾರಿಯ ಮಾರ್ಸಾಬಿಟ್ ಊರಿನ ಬಸುರಿ ಹೆಂಗಸಿಗೆ ಆಸ್ಪತ್ರೆ ಹತ್ತಿರವಾಯಿತು. ಇದಕ್ಕಿಂತ ದೊಡ್ಡ ಕೆಲಸ ನನ್ನ ವೃತ್ತಿಯಲ್ಲಿ ಇಲ್ಲ.

ಇನ್ನೊಂದು ಮಾತು. ರಸ್ತೆಯನ್ನು ಕೊಲ್ಲುವುದು ಅತಿಭಾರ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಹತ್ತಿರ ಹತ್ತಿರ ಹದಿನಾರು ಪಟ್ಟು. ತಾಂಜಾನಿಯಾದಲ್ಲಿ ನಿಮ್ಮ ಬಸ್ಸು ಕೂಡ ಗಾಡಿ ತೂಗುವ ಕಟ್ಟೆಯ (ವೇಬ್ರಿಜ್) ಮೇಲೆ ಹತ್ತಿ ನಿಲ್ಲುತ್ತದೆ, ಆಗ ಬೇಸರ ಪಡಬೇಡಿ. ಕ್ಯಾಮರೂನ್ ಕಾಡಿನ ಕೆಂಪು ಮಣ್ಣಿನ ರಸ್ತೆಗಳಲ್ಲಿ ಮಳೆ ತಡೆ ಅಂತ ಇದೆ. ಮಳೆ ಸುರಿದರೆ ಅಡ್ಡಗಂಬ ಇಳಿಸಿ, ಮಣ್ಣು ನೀರು ಬಸಿಯುವ ತನಕ ಭಾರದ ಗಾಡಿ ಬಿಡುವುದಿಲ್ಲ. ಹಸಿ ಮಣ್ಣಿನ ಮೇಲೆ ಹೋದ ನಾಲ್ಕು ಲಾರಿ ಇಡೀ ಹಳ್ಳಿಯ ದಾರಿಯನ್ನು ವರ್ಷದ ಮಟ್ಟಿಗೆ ಹಾಳುಮಾಡಬಲ್ಲವು. ಬಡ ದೇಶ ತನ್ನ ರಸ್ತೆಯನ್ನು ಕಾಪಾಡಿಕೊಳ್ಳುವ ಜಾಣತನ ಇದು.

ಲುಸಾಕಾವಾಸಿ:
ಜಲ್ಲಿಕಲ್ಲು ಅಣ್ಣಾ, ನಾನು ರಸ್ತೆ ಬೇಡ ಅನ್ನಲಿಲ್ಲ. ಆದರೆ ರಸ್ತೆ ಚೆನ್ನಾದಷ್ಟೂ ಗಡಿಯ ಸಾಲು ಬೆಳೆಯುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಮೊದಲು ದಿನವಿಡೀ ಚದುರಿ ಬರುತ್ತಿದ್ದ ಲಾರಿಗಳು ಈಗ ಒಟ್ಟಿಗೇ ಬಂದು ನಿಲ್ಲುತ್ತವೆ. ಕಾಂಗೋ ಗಡಿಯ ಕಸುಂಬಲೇಸಾಕ್ಕೆ ಬಂದು ನೋಡಿ, ತಾಮ್ರದ ಲಾರಿಗಳ ಸಾಲು ಕಿಲೋಮೀಟರುಗಟ್ಟಲೆ. ಚಾಲಕರು ಲಾರಿಯ ಕೆಳಗೇ ಅಡುಗೆ, ನಿದ್ದೆ. ಟಾರಿಗೆ ಸಾಲ ತಂದಷ್ಟು ಉತ್ಸಾಹ ಕಾಗದ ಕಡಿಮೆ ಮಾಡುವುದಕ್ಕೂ ಬೇಕು ಅನ್ನುವುದಷ್ಟೇ ನನ್ನ ವಾದ.

ಜಲ್ಲಿಕಲ್ಲು:
ಅದನ್ನು ಒಪ್ಪುತ್ತೇನೆ.

ದಾರಿಹೋಕಿ:
ತಂಗಿಯ ಜೊತೆ ಹೊರಟಿದ್ದೀರಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಈ ದಾರಿಯ ಬಹುಪಾಲು ಒಂಟಿಯಾಗಿ ಓಡಾಡಿದವಳು. ಜನರ ಬಗ್ಗೆ ಭಯ ಬೇಡ. ಪಕ್ಕದಲ್ಲಿ ಕೂತ ಅಜ್ಜಿ ನಿಮ್ಮನ್ನು ಮಗಳು ಅಂತಲೇ ನೋಡಿಕೊಳ್ಳುತ್ತಾಳೆ. ಸ್ವಾಹಿಲಿ ನಾಡಿನಲ್ಲಿ ಹಿರಿಯ ಹೆಂಗಸರನ್ನು 'ಮಾಮಾ' (ಅಮ್ಮ) ಅನ್ನಿ, ಹಿರಿಯ ಗಂಡಸರಿಗೆ ಮೊದಲು 'ಶಿಕಮೋ' ಅಂತ ವಂದಿಸಿ ಆಮೇಲೆ ದಾರಿ ಕೇಳಿ. ಹಿರಿಯ ಹೆಂಗಸರಿಗೂ ಅದೇ ವಂದನೆ ಸಲ್ಲುತ್ತದೆ.

ಭಯಪಡಬೇಕಾದ್ದು ರಸ್ತೆಗೆ, ಅದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಜಗತ್ತಿನ ವಾಹನಗಳಲ್ಲಿ ಆಫ್ರಿಕಾದ ಪಾಲು ನೂರಕ್ಕೆ 3ರಷ್ಟು. ರಸ್ತೆ ಸಾವುಗಳಲ್ಲಿ ಅದರ ಪಾಲು ಹತ್ತಿರ ಹತ್ತಿರ ಐದನೇ ಒಂದು. ವಿಶ್ವ ಆರೋಗ್ಯ ಸಂಸ್ಥೆಯೇ ಕೊಟ್ಟ ಲೆಕ್ಕ ಇದು. ಸತ್ತವರಲ್ಲಿ ಬಹಳಷ್ಟು ಜನ ಗಾಡಿಯೊಳಗೇ ಇರಲಿಲ್ಲ, ರಸ್ತೆ ಬದಿಯಲ್ಲಿ ನಡೆಯುತ್ತಿದ್ದರು. ಹೆದ್ದಾರಿ ಮಾಡುವವರು ಕಾಲುದಾರಿ ಮಾಡುವುದಿಲ್ಲ. ಶಾಲೆ ಬಿಟ್ಟ ಮಕ್ಕಳು 100 ಕಿ.ಮೀ. ವೇಗದ ಲಾರಿಯ ಪಕ್ಕದಲ್ಲೇ ಸಾಲಾಗಿ ನಡೆದು ಮನೆಗೆ ಹೋಗುತ್ತಾರೆ. ಈ ವಿಷಯ ನನ್ನನ್ನು ಬಿಡುವುದೇ ಇಲ್ಲ.

ಆದ್ದರಿಂದ ರಾತ್ರಿ ಬಸ್ಸು ಬೇಡ. ತಾಂಜಾನಿಯಾದಲ್ಲಿ ರಾತ್ರಿ ಬಸ್ಸಿಗೆ ವರ್ಷಗಟ್ಟಲೆ ಇದ್ದ ನಿಷೇಧ 2023ರಲ್ಲಿ ತೆಗೆದಿದ್ದಾರೆ, ಈಗ ಸಿಗುತ್ತದೆ. ಆದರೂ ಹಗಲಿನದ್ದೇ ತೆಗೆದುಕೊಳ್ಳಿ. ಬೋಡಾ ಬೋಡಾ, ಅಂದರೆ ಬೈಕ್ ಟ್ಯಾಕ್ಸಿ, ಹೆಲ್ಮೆಟ್ ಕೊಡದಿದ್ದರೆ ಹತ್ತಬೇಡಿ. ಹಿಂದೆ ಕೀನ್ಯಾ–ಉಗಾಂಡಾ ಗಡಿಯ ಬುಸಿಯಾದಲ್ಲಿ ಸೈಕಲ್ ಹಿಂದೆ ಜನರನ್ನು ಕೂರಿಸಿ ದಾಟಿಸುತ್ತಿದ್ದವರಿಂದ ಶುರುವಾದ ಕಸುಬು ಇದು. ಈಗ ಪೂರ್ವ ಆಫ್ರಿಕಾದ ಯುವಕರ ಅತಿ ದೊಡ್ಡ ಜೀವನೋಪಾಯಗಳಲ್ಲಿ ಒಂದು. ಬೈಕುಗಳಲ್ಲಿ ಬಹಳಷ್ಟು ಬಜಾಜ್ ಬಾಕ್ಸರ್, ಟಿ.ವಿ.ಎಸ್. ರುವಾಂಡಾದ ಕಿಗಾಲಿಯಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಟ್ಟೇ ಕೊಡುತ್ತಾರೆ. ಅಲ್ಲಿ ಆದದ್ದು ಉಳಿದ ಕಡೆ ಯಾಕಾಗಬಾರದು?

ಬಯಲುದಾರಿ:
ದಾರಿಹೋಕಿ ಅಕ್ಕ, ತುಂಬಾ ಧನ್ಯವಾದ. ಹಗಲಿನ ಬಸ್ಸು ಅಂತ ನಿಶ್ಚಯ ಮಾಡಿದೆವು. ಲುಸಾಕಾದಿಂದ ಮುಂದೆ ಯಾವ ದಾರಿ? ಜಿಂಬಾಬ್ವೆ ಮೂಲಕವೋ, ಬೋಟ್ಸ್ವಾನಾವೋ, ನಮೀಬಿಯಾವೋ?

ಲುಸಾಕಾವಾಸಿ:
ನನ್ನ ಮತ ನಮೀಬಿಯಾಕ್ಕೆ. ಲುಸಾಕಾದಿಂದ ಲಿವಿಂಗ್‌ಸ್ಟನ್ ಒಂದು ಹಗಲಿನ ದಾರಿ. ವಿಕ್ಟೋರಿಯಾ ಜಲಪಾತ ನೋಡಿ ಅಲ್ಲಿಂದ ಸೆಶೆಕೆ, 2004ರಲ್ಲಿ ಆದ ಸೇತುವೆಯಲ್ಲಿ ಜಾಂಬೆಜಿ ನದಿ ದಾಟಿದರೆ ನಮೀಬಿಯಾದ ಕಟಿಮಾ ಮುಲಿಲೊ. ಅಲ್ಲಿಂದ ವಿಂಡ್‌ಹುಕ್‌ಗೆ ಸುಮಾರು 1,200 ಕಿ.ಮೀ. ಬಸ್ಸು. ಬ್ವಾಬ್ವಾಟಾ ಉದ್ಯಾನದ ಒಳಗೇ ಹೆದ್ದಾರಿ ಹೋಗುತ್ತದೆ, ಆನೆ ದಾಟುವ ಎಚ್ಚರಿಕೆ ಫಲಕಗಳು ಸಿಗುತ್ತವೆ. ವಿಂಡ್‌ಹುಕ್‌ನಿಂದ ಕೇಪ್‌ಟೌನ್‌ಗೆ ನೇರ ಕೋಚ್ ಇದೆ. ರಸ್ತೆ ಉತ್ತಮ, ಜನ ವಿರಳ.

ಜಾಂಬಿಯಾ–ಬೋಟ್ಸ್ವಾನಾ ನಡುವೆ ಜಾಂಬೆಜಿ ದಾಟಿಸುವ ಕಜುಂಗುಲಾ ಸೇತುವೆ ನೋಡುವ ಆಸೆಯಿದ್ದರೆ ಬೋಟ್ಸ್ವಾನಾ. 2021ರ ಮೇ ತಿಂಗಳಲ್ಲಿ ತೆರೆದದ್ದು, 923 ಮೀಟರ್ ಉದ್ದ, ರಸ್ತೆ, ರೈಲು ಎರಡಕ್ಕೂ ಜಾಗ ಇದೆ. ಮುಂಚೆ ಇಲ್ಲಿ ತೇಲುವ ದೋಣಿಯ ಮೇಲೆ ಒಂದೆರಡು ಲಾರಿಯಷ್ಟೇ ದಾಟುತ್ತಿದ್ದವು.

ದಾರಿಹೋಕಿ:
ಕೇಪ್‌ಟೌನ್ ತಲುಪಿದ ಮೇಲೆ ಮಿನಿಬಸ್ ಟ್ಯಾಕ್ಸಿ ಹತ್ತಿ ನೋಡಿ. ಹಿಂದಿನ ಸೀಟಿನವರು ದುಡ್ಡನ್ನು ಕೈಯಿಂದ ಕೈಗೆ ಮುಂದಕ್ಕೆ ಕಳಿಸುತ್ತಾರೆ, ಚಿಲ್ಲರೆ ಹಾಗೇ ಹಿಂದಕ್ಕೆ ಬರುತ್ತದೆ. ಜೋಹಾನ್ಸ್‌ಬರ್ಗಿನಲ್ಲಿ ಎಲ್ಲಿಗೆ ಹೋಗಬೇಕೆಂಬುದನ್ನು ಬೆರಳಿನ ಸನ್ನೆಯಲ್ಲೇ ಹೇಳಬೇಕು, ತೋರುಬೆರಳು ಮೇಲೆತ್ತಿದರೆ ನಗರದ ನಡುವಿಗೆ. ವರ್ಣಭೇದದ ಸರಕಾರ ಕಪ್ಪು ಜನರನ್ನು ಊರಾಚೆ ದೂರದ ಟೌನ್‌ಶಿಪ್‌ಗಳಿಗೆ ತಳ್ಳಿತು, ಕೆಲಸ ಮಾತ್ರ ಊರೊಳಗೇ ಉಳಿಯಿತು. ಆ ದೂರವನ್ನು ತುಂಬಲು ಜನರೇ ಕಟ್ಟಿಕೊಂಡದ್ದು ಈ ಟ್ಯಾಕ್ಸಿ. ದೇಶದಲ್ಲಿ ಅತಿ ಹೆಚ್ಚು ಜನ ಬಳಸುವ ಸಾರ್ವಜನಿಕ ಸಾರಿಗೆ ಇಂದಿಗೂ ಅದೇ.

ನೈರೋಬಿ ಕನ್ನಡತಿ:
ಹೊರಡುವ ಮುಂಚೆ ಎರಡು ವಿಷಯ. ಹಳದಿ ಜ್ವರದ ಲಸಿಕೆ ಹಾಕಿಸಿ, ಪ್ರಮಾಣಪತ್ರ ಜೊತೆಗಿರಲಿ. ಲಸಿಕೆ ಹಾಕಿಸಿದ 10 ದಿನದ ಮೇಲೆಯೇ ಅದಕ್ಕೆ ಮಾನ್ಯತೆ. ತಾಂಜಾನಿಯಾ ಗಡಿಯಲ್ಲಿ ಕೇಳುತ್ತಾರೆ, ಭಾರತಕ್ಕೆ ಮರಳುವಾಗ ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸಬಹುದು.

ಎರಡನೆಯದು ಗಡಿಯಾರ. ಸ್ವಾಹಿಲಿ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಬೆಳಗ್ಗೆ ಏಳು ಗಂಟೆ ಅವರಿಗೆ ಒಂದು ಗಂಟೆ. ತಾಂಜಾನಿಯಾದಲ್ಲಿ ಟಿಕೆಟ್ ಮೇಲೆ 12 ಅಂತ ಬರೆದಿದ್ದರೆ ಬೆಳಗ್ಗೆ ಆರಕ್ಕೋ, ಮಧ್ಯಾಹ್ನಕ್ಕೋ ಅಂತ ಕೌಂಟರಿನಲ್ಲೇ ಬಾಯಿಬಿಟ್ಟು ಕೇಳಿ. ದೂರದ ಬಸ್ಸುಗಳು ಬಹುಪಾಲು ಬೆಳಗ್ಗೆ ಆರಕ್ಕೇ ಹೊರಡುತ್ತವೆ.

ಬಯಲುದಾರಿ:
ಇದು ಗೊತ್ತೇ ಇರಲಿಲ್ಲ ಅಕ್ಕ. ಲಸಿಕೆಗೆ ಈ ವಾರವೇ ಹೋಗುತ್ತೇವೆ. ಕೊನೆಗೊಂದು ಪ್ರಶ್ನೆ: ಕಜುಂಗುಲಾ ಸೇತುವೆ ಚಿತ್ರದಲ್ಲಿ ಬಿಲ್ಲಿನ ಹಾಗೆ ಬಾಗಿದೆಯಲ್ಲ, ನದಿಯ ರಭಸಕ್ಕಾಗಿಯೇ?

ಜಲ್ಲಿಕಲ್ಲು:
ನದಿಗಾಗಿ ಅಲ್ಲ. ಬೋಟ್ಸ್ವಾನಾ–ಜಾಂಬಿಯಾ ನಡುವಿನ ಗಡಿ ಅಲ್ಲಿ ಬರೀ 150 ಮೀಟರ್ ಆಸುಪಾಸು. ಒಂದು ಪಕ್ಕ ಜಿಂಬಾಬ್ವೆ, ಇನ್ನೊಂದು ಪಕ್ಕ ನಮೀಬಿಯಾ. ಯೋಜನೆ ಹೊರಟಾಗ ಜಿಂಬಾಬ್ವೆ ಅದರಲ್ಲಿ ಪಾಲುದಾರನಾಗಿರಲಿಲ್ಲ, ಹಾಗಾಗಿ ಅದರ ನೀರಿನ ಮೇಲೆ ಹೋಗದಂತೆ ಸೇತುವೆಯನ್ನು ಬಾಗಿಸಿ ಕಟ್ಟಿದರು.